ಅಂಜಮ್ಮನ ಇಂಟ್ರೋ

ಬಾಗಿಲು ಹಾಕ್ಕೊಂಡು ಬಾ, ಹೇಳ್ತೀನಿ. ಲೈಟ್ ಇರಲಿ, ಆರಿಸಬೇಡ. ನನಗೇನೂ ಹೆದರಿಕೆ ಇಲ್ಲ, ನಿನಗೋಸ್ಕರ ಹೇಳಿದ್ದು. ನಾನಿರೋದು ಸೇಲಂ ದಾರಿಯ ತೊಪ್ಪೂರು ಘಾಟಿನ ಪಕ್ಕ. ರಾತ್ರಿಯೆಲ್ಲ ಲಾರಿ ಬ್ರೇಕಿನ ಕಿರ್ರ್... ಅನ್ನೋ ಸದ್ದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗೊತ್ತಾಗುತ್ತೆ, ಗಾಡಿ ತಿರುವು ದಾಟಿತೋ ಉರುಳಿತೋ ಅಂತ. ಅದನ್ನ ಕೇಳ್ಕೊಂಡು ಇಪ್ಪತ್ತು ವರ್ಷ ನಿದ್ದೆ ಮಾಡಿದೀನಿ. ದೆವ್ವ ಪಿಶಾಚಿ ಅಂತ ಯಾರಾದರೂ ಬಂದರೆ ಬೈದು ಕಳಿಸೋಳು ನಾನು. ಆದರೆ ಇದು ನಡೆದದ್ದು. ನನ್ನ ಚಿಕ್ಕವ್ವನ ಮಗಳು ರಮಾಮಣಿಗೆ ನಡೆದದ್ದು. ಅರ್ಧ ನನ್ನ ಕಣ್ಣೆದುರಿಗೇ ನಡೆದದ್ದು.

ರಮಾಮಣಿ ಮನೆ ಸೇಲಂ ಊರಾಚೆ, ಕನ್ನಡ ಮಾತಾಡೋ ನೇಯೋರ ಬೀದಿಯಲ್ಲಿ. ಕೆಲಸ ಓಮಲೂರಿನ ಒಂದು ರಕ್ತ ಪರೀಕ್ಷೆ ಲ್ಯಾಬಿನಲ್ಲಿ, ರಿಪೋರ್ಟ್ ಟೈಪ್ ಮಾಡೋದು. ರಾತ್ರಿ ಒಂಬತ್ತೂವರೆಗೆ ಬಸ್ ಇಳಿದರೆ ಮನೆಗೆ ಹತ್ತು ನಿಮಿಷದ ನಡಿಗೆ. ದಾರಿಯಲ್ಲಿ ಒಂದು ಹಳೇ ಬಾವಿ. ಈಗ ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅವತ್ತು ಅವಳ ಅವ್ವ, ಅಂದರೆ ನನ್ನ ಚಿಕ್ಕವ್ವ ಅಂಜಮ್ಮ, ತೀರಿಕೊಂಡು ಹದಿನೆಂಟು ದಿನ. ಕಾರ್ಯ ಎಲ್ಲ ಮುಗಿದು ಇವಳು ಕೆಲಸಕ್ಕೆ ಹೋಗೋಕೆ ಶುರು ಮಾಡಿದ ಮೊದಲ ದಿನ.

ಬೀದಿ ದೀಪ ಇರಲಿಲ್ಲ. ಅವಳ ಚಪ್ಪಲಿ ಸದ್ದು ಚಪ್, ಚಪ್. ಸಂಜೆ ಎರಡು ಹನಿ ಬಿದ್ದಿತ್ತಲ್ಲ, ಜಾಲರಿಯಿಂದ ನೀರು ಬಾವಿಗೆ ಬೀಳ್ತಿತ್ತು... ತೊಟ್... ತೊಟ್... ಆ ಸದ್ದು ನಿಂತುಹೋಯ್ತು.

"ರಮಾಮಣಿ."

ಕೂಗಿದ್ದಲ್ಲ. ಪಕ್ಕದಲ್ಲಿ ನಿಂತು ಕರೆದದ್ದು. ಒಂದೊಂದು ಅಕ್ಷರನೂ ಬಿಡಿಸಿ, ತಪ್ಪಬಾರದು ಅಂತ ಜೋಪಾನವಾಗಿ... ರ... ಮಾ... ಮ... ಣಿ.

ಅವ್ವನ ದನಿ.

ರಮಾಮಣಿ ಓ ಅನ್ನಲಿಲ್ಲ. ನಮ್ಮ ಕಡೆ ರಾತ್ರಿ ಹೊತ್ತು ಯಾರಾದರೂ ಕರೆದರೆ ಮೊದಲ ಸಲಕ್ಕೆ ಓ ಅನ್ನಬಾರದು. ಎರಡನೇ ಸಲಕ್ಕೂ ಅನ್ನಬಾರದು. ಮೂರು ಸಲ ಕರೆದರೆ ಮನುಷ್ಯರು. ಒಂದೇ ಸಲ ಕರೆದು ಸುಮ್ಮನಾದರೆ... ಅದು ಬದುಕಿರೋರಲ್ಲ. ಅದಕ್ಕೆ ಓ ಅಂದರೆ ಅದರ ಹಿಂದೇನೇ ಹೋಗ್ತೀಯ ಅಂತಾರೆ. ಅವಳಿಗೆ ಇದನ್ನ ಕಲಿಸಿದ್ದು ಬೇರೆ ಯಾರೂ ಅಲ್ಲ, ಅದೇ ಅಂಜಮ್ಮ. ಚಿಕ್ಕಂದಿನಲ್ಲಿ ಇವಳು ಹಿತ್ತಲಲ್ಲಿ ಮರೆತು ಓ ಅಂದಿದ್ದಕ್ಕೆ ಬೆನ್ನಿಗೆ ಒಂದು ಬಾರಿಸಿ ಕಲಿಸಿದ್ದಳು.

ರಮಾಮಣಿ ಕಾದಳು. ಇನ್ನೊಂದು ಸಲ ಕರೀಲಿ ಅಂತ ಉಸಿರು ಹಿಡಿದು ನಿಂತಳು.

ಕರೆಯಲಿಲ್ಲ. ತೊಟ್... ತೊಟ್... ನೀರಿನ ಸದ್ದು ಮತ್ತೆ ಶುರುವಾಯ್ತು.

ಮಾರನೇ ದಿನನೂ ಹಾಗೇ. ಅದರ ಮಾರನೇ ದಿನನೂ. ದಿನಕ್ಕೊಂದು ಸಲ, ಅದೇ ಜಾಗ, ಅದೇ ಪೂರ್ತಿ ಹೆಸರು. ನಾಲ್ಕನೇ ದಿನ ನನಗೆ ಫೋನ್ ಬಂತು. ನಾನು ಮೊದಲು ಬೈದೆ. ಊಟ ಬಿಟ್ಟಿದೀಯ, ತಲೆ ಸುತ್ತುತ್ತೆ, ಬೇರೆ ದಾರೀಲಿ ಬಾ ಅಂದೆ. ಅವಳು ಸಣ್ಣ ದನಿಯಲ್ಲಿ ಒಂದೇ ಮಾತು ಹೇಳಿದಳು.

"ಅಕ್ಕ, ಸತ್ತಮ್ಯಾಲೂ ಅವ್ವ ನನ್ನ ಎಸ್ರಿಡ್ದೇ ಕರೀತಾಳೆ."

ಹೆಸರು ಹಿಡಿದೇ ಅಂತ, ಅವರ ಬೀದಿಯವರ ಬಾಯಲ್ಲಿ ಹಕಾರ ನಿಲ್ಲಲ್ಲ. ನಾನು ಅಲ್ಲಿಗೇ ಬೈಯೋದು ನಿಲ್ಲಿಸಿದೆ. ಯಾಕೆ ಅಂತ ನಿನಗೆ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನದನ್ನ ಹೇಳಬೇಕು.

ರಮಾಮಣಿಗೆ ಒಂದು ಹುಚ್ಚು ಹತ್ತಿತ್ತು, ಪಾಡ್‌ಕಾಸ್ಟ್ ಅಂತ. ಫೋನಿನಲ್ಲಿ ಕೇಳೋ ರೇಡಿಯೋ ಕಾರ್ಯಕ್ರಮ ಅಂದುಕೋ. ನಮ್ಮ ಬೀದಿ ಕನ್ನಡ ಇನ್ನೆಷ್ಟು ದಿನ ಇರುತ್ತೆ ಅಕ್ಕ, ಮಕ್ಕಳೆಲ್ಲ ತಮಿಳೇ ಮಾತಾಡ್ತಾವೆ, ಮುದುಕಿಯರ ಮಾತನ್ನಾದರೂ ಹಿಡಿದಿಡೋಣ ಅಂತ. ಒಳ್ಳೇ ಕೆಲಸವೇ. ಕಾಸು ಕೊಡದೆ ಸಿಗೋ ಒಂದು ಸಾಫ್ಟ್‌ವೇರ್ ಇಳಿಸಿಕೊಂಡಳು. ಅದರಲ್ಲಿ ಮಾತೆಲ್ಲ ಗೆರೆಯಾಗಿ ಕಾಣುತ್ತೆ. ಸುಮ್ಮನಿದ್ದರೆ ನೆಟ್ಟಗೆ ಗೆರೆ, ಮಾತಾಡಿದ ಕಡೆ ಉಬ್ಬು. ಬೇಡದ ಉಬ್ಬನ್ನ ಬಣ್ಣ ಬಳಿದು ಒಂದು ಬಟನ್ ಒತ್ತಿದರೆ ಹೋಯ್ತು, ಅಕ್ಕಪಕ್ಕದ ಗೆರೆ ಬಂದು ಕೂಡಿಕೊಳ್ಳುತ್ತೆ. ಮೊದಲು ಇಂಟ್ರೋ ಮಾಡಬೇಕಂತೆ, ಎಲ್ಲ ಕಂತಿಗೂ ಮುಂಚೆ ಬರೋ ಅರ್ಧ ನಿಮಿಷದ ಮಾತು. ಅದಕ್ಕೆ ಅವ್ವನ ದನಿಯೇ ಇರಲಿ ಅಂತ ಅಂಜಮ್ಮನ ಮುಂದೆ ಫೋನ್ ಹಿಡಿದಳು.

ಚಿಕ್ಕವ್ವ ಮಗ್ಗದ ಮುಂದೆ ಕೂತು ಹೇಳಿದ್ದು ಇಷ್ಟು. "ಬಾ ಸಾಮಿ, ಕುಂತ್ಕ. ನಮ್ಮ ಮನೆ ಮಾತು ಕೊಂಚಂ ಕೇಳು ಸಾಮಿ. ಸಾಪ್ಟಿಯಾ? ಇಲ್ದಿದ್ರೆ ಉಂಡ್ಕಂಡು ಕೇಳು."

ನನಗೆ ಕಳಿಸಿದ್ದಳು, ಕೇಳಿದೀನಿ. ಎಷ್ಟು ಚೆನ್ನಾಗಿತ್ತು ಗೊತ್ತಾ? ಯಾರೇ ಆಗಲಿ ಬಂದು ಕೂತುಬಿಡಬೇಕು, ಹಾಗಿತ್ತು. ಸಾಮಿ ಅನ್ನೋದು ಸೇಲಂ ಕಡೆ ತಮಿಳರು ಮಕ್ಕಳನ್ನ ಮುದ್ದಿಗೆ ಕರೆಯೋ ಮಾತು, ನಮ್ಮವರ ಬಾಯಿಗೂ ಬಂದುಬಿಟ್ಟಿದೆ. ಚಿಕ್ಕವ್ವ ಮಗಳನ್ನ ಹೆಸರು ಹಿಡಿದು ಕರೆದದ್ದು ನಾನು ಕೇಳಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಸಾಮಿಯೇ.

ಇವಳು ಅದನ್ನ ಯಾವುದೋ ಗುಂಪಿಗೆ ಕಳಿಸಿದಳು. ಅಲ್ಲೊಬ್ಬ ದೊಡ್ಡ ಮನುಷ್ಯ, ಇದು ಕನ್ನಡನಾ ತಮಿಳಾ ಅಂತ ಬರೆದು ನಗೋ ಮುಖದ ಚಿತ್ರ ಮೂರು ಹಾಕಿದನಂತೆ. ಅಷ್ಟಕ್ಕೇ ಇವಳಿಗೆ ಅವಮಾನ ಆಗಿಹೋಯ್ತು. ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತಳು. ಸಾಮಿ ತೆಗೆದಳು. ಕೊಂಚಂ ತೆಗೆದಳು. ಎರಡನೇ ಸಾಮಿ ತೆಗೆದಳು. ಊಟ ಆಯ್ತಾ ಅನ್ನೋ ಸಾಪ್ಟಿಯಾ ತೆಗೆದಳು, ಅದರ ಹಿಂದಿದ್ದ ಇಲ್ದಿದ್ರೆ ಕೂಡ. ಉಳಿದದ್ದೇನು? ಬಾ, ಕುಂತ್ಕ, ನಮ್ಮ ಮನೆ ಮಾತು ಕೇಳು, ಉಂಡ್ಕಂಡು ಕೇಳು. ಬಸ್ ಕಂಡಕ್ಟರ್ ಗದರಿಸಿದ ಹಾಗಿದೆಯಲ್ಲೇ ಅಂತ ನಾನು ನಕ್ಕೆ. ಅವಳಿಗೆ ನಗು ಬರಲಿಲ್ಲ. ಹಳೇ ಹೆಸರಿನ ಮೇಲೇ ಹೊಸದನ್ನ ಸೇವ್ ಮಾಡಿದಳು. ಫೋನಿನಲ್ಲಿ ಜಾಗ ಇಲ್ಲ ಅಂತ ಅಲ್ಲಿದ್ದದ್ದನ್ನೂ ಅಳಿಸಿದಳು. ನಾನೂ ಅಷ್ಟೇ, ಕೇಳಿ ಅಳಿಸಿಬಿಟ್ಟಿದ್ದೆ. ಮನುಷ್ಯರು ಇರುವಾಗ ದನಿಗೆ ಏನು ಬೆಲೆ, ಹೇಳು.

ಇಷ್ಟೇ ಆಗಿದ್ದರೆ ಪರವಾಗಿಲ್ಲ. ಅವಳು ಕತ್ತರಿಸುವಾಗ ಚಿಕ್ಕವ್ವ ಪಕ್ಕದಲ್ಲೇ ಕೂತಿದ್ದಳು. ಏನು ತೆಗೀತಿದೀಯ ಅಂತ ಕೇಳಿದ್ದಾಳೆ. ಇವಳು ತಿರುಗಿ ಕೂಡ ನೋಡದೆ, ನೀ ತಮಿಳು ಬೆರಸ್ತೀಯ ಅವ್ವ, ಜನ ನಗ್ತಾರೆ ಅಂದಿದ್ದಾಳೆ.

ಚಿಕ್ಕವ್ವ ಕೇಳಿದಳಂತೆ.

"ನಾ ಮಾತಾಡಿದ್ದು ತಪ್ಪಾಯ್ತಾ ಸಾಮಿ?"

ಅದೇ ಕೊನೆ. ಅದಾದಮೇಲೆ ಚಿಕ್ಕವ್ವ ಇದ್ದದ್ದು ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನ ಅವಳ ಬಾಯಲ್ಲಿ ಸಾಮಿ ಅನ್ನೋ ಮಾತೇ ಬರಲಿಲ್ಲ. ರಮಾಮಣಿ, ಊಟಕ್ಕೆ ಬಾ. ರಮಾಮಣಿ, ಬಸ್ಸಿಗೆ ಹೊತ್ತಾಯ್ತು. ಸ್ಕೂಲ್ ಟೀಚರ್ ಹಾಜರಿ ಕರೆದ ಹಾಗೆ. ಕೋಪದಿಂದ ಅಲ್ಲ... ಕೋಪ ಆಗಿದ್ದರೆ ಚೆನ್ನಾಗಿತ್ತು. ಮಗಳಿಗೆ ಅವಮಾನ ಆಗಬಾರದು ಅಂತ. ಒಂದು ಮಧ್ಯಾಹ್ನ ನನಗೇ ಫೋನ್ ಮಾಡಿ, ಮುನೀ, ಕೊಂಚಂಗೆ ನಮ್ಮ ಮಾತಲ್ಲಿ ಏನೇ ಅಂತ ಕೇಳಿದಳು. ನನ್ನ ಹೆಸರು ಮುನಿಲಕ್ಷ್ಮಿ, ಅವಳು ಮುನಿ ಅನ್ನೋಳು. ವಸಿ ಚಿಕ್ಕವ್ವ ಅಂದೆ. ವಸಿ... ವಸಿ... ಅಂತ ಬಾಯಿಪಾಠ ಮಾಡಿದಳು. ನಾನು ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ನನ್ನ ಬಾಯಿಗೆ ನಾನೇ ಹೊಡ್ಕೋಬೇಕು ಅನ್ನಿಸುತ್ತೆ.

ಇಪ್ಪತ್ತನೇ ದಿನ ಮಧ್ಯಾಹ್ನ ಮಗ್ಗದ ಪಕ್ಕ ಮಲಗಿದ್ದೋಳು ಏಳಲಿಲ್ಲ. ರಮಾಮಣಿ ಕೆಲಸದಲ್ಲಿದ್ದಳು. ಪಕ್ಕದ ಮನೆ ಕುಪ್ಪಮ್ಮ ನೋಡಿ ಫೋನ್ ಮಾಡಿದ್ದು.

ಈಗ ಗೊತ್ತಾಯ್ತಾ, ಬಾವಿ ಹತ್ತಿರ ಆ ಜೋಪಾನದ ದನಿ ಕೇಳಿ ಅವಳಿಗೆ ಏನಾಗಿರಬೇಕು ಅಂತ? ಹೆದರಿಕೆ ಆಗಿದ್ದು ಅವಳಿಗಲ್ಲ, ನನಗೆ. ಅವಳಿಗೆ ಬೇಕಾಗಿದ್ದು ಒಂದೇ. ಅವ್ವ ಒಂದು ಸಲ ಮೊದಲಿನ ಹಾಗೆ ಮಾತಾಡಬೇಕು, ಇವಳು ಓ ಅನ್ನಬೇಕು. ಅಷ್ಟೇ. ಅದಕ್ಕೆ ಎಲ್ಲಿಗೆ ಬೇಕಾದರೂ ಹೋಗೋಕೆ ತಯಾರಾಗಿದ್ದಳು, ನನಗದು ಅವಳ ದನಿಯಲ್ಲೇ ತಿಳೀತು. ಮಾರನೇ ದಿನ ಬೆಳಿಗ್ಗೆ ಬಸ್ ಹತ್ತಿದೆ.

ಹೋದರೆ ಅವಳೊಂದು ಉಪಾಯ ಮಾಡಿಕೊಂಡು ಕೂತಿದ್ದಳು. ಇಂಟ್ರೋದಲ್ಲಿ ತೆಗೆದ ಮಾತನ್ನೆಲ್ಲ ತೆಗೆದ ಜಾಗಕ್ಕೇ ವಾಪಸ್ ಹಾಕಬೇಕಂತೆ. ಹಾಕಿದರೆ ಅವ್ವನಿಗೆ ಸಮಾಧಾನ ಆಗುತ್ತಂತೆ. ದನಿ ಎಲ್ಲಿಂದ ತರ್ತೀಯ ಅಂದರೆ ನನ್ನ ಮುಖ ನೋಡಿದಳು. ನಮ್ಮವ್ವನೂ ಅಂಜಮ್ಮನೂ ಅಕ್ಕತಂಗಿ ತಾನೆ, ನಮ್ಮ ಮನೆ ಹೆಂಗಸರದೆಲ್ಲ ಒಂದೇ ಗಂಟಲು. ಫೋನಿನಲ್ಲಿ ನನ್ನ ದನಿ ಕೇಳಿ ಚಿಕ್ಕವ್ವ ಅಂದುಕೊಂಡು ಮಾತಾಡಿದವರು ಎಷ್ಟೋ ಜನ. ಬೇಡ ಕಣೆ, ಸತ್ತೋರ ದನಿ ಅನುಕರಣೆ ಮಾಡಬಾರದು ಅಂದೆ. ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಕಾಲು ಹಿಡಿದುಕೊಂಡಳು. ಏನು ಮಾಡ್ತೀಯ?

ಆ ಬೀದಿಯಲ್ಲಿ ಹಗಲು ರೆಕಾರ್ಡ್ ಮಾಡೋಕಾಗಲ್ಲ. ಕೈಮಗ್ಗ ಈಗ ಎಲ್ಲೋ ಒಂದೆರಡು, ಮಿಕ್ಕವರೆಲ್ಲ ಪವರ್‌ಲೂಮ್. ಕಟಕಟ ಕಟಕಟ ಅಂತ ಗೋಡೆಯೆಲ್ಲ ನಡುಗುತ್ತೆ. ಪಕ್ಕದ ಮನೆಯ ಪಳನಿ ಕೊನೆಯ ಮಗ್ಗ ನಿಲ್ಲಿಸೋದು ರಾತ್ರಿ ಹನ್ನೊಂದಕ್ಕೆ. ಕಾದೆವು. ಮೋಟಾರು ಊಂ... ಅಂತ ಇಳಿದು ನಿಂತಿತು. ಆಮೇಲೆ ಆ ಬೀದಿ ಎಷ್ಟು ಸುಮ್ಮನಾಯ್ತು ಅಂದರೆ ಗೋಡೆ ಗಡಿಯಾರ ಎದೆ ಮೇಲೆ ಬಡಿದ ಹಾಗೆ.

ಟ್ಯೂಬ್‌ಲೈಟಿನ ಗುಂಯ್ ಸದ್ದೂ ಬೇಡ ಅಂತ ಆರಿಸಿ, ಮಗ್ಗದ ಕೋಣೆಯಲ್ಲೇ ಕೂತೆವು. ಚಿಕ್ಕವ್ವನ ಮಗ್ಗಕ್ಕೆ ಅವಳದೇ ಒಂದು ಹಳೇ ಸೀರೆ ಹೊದಿಸಿದ್ದರು. ಗೋಡೆಯಿಂದ ಸದ್ದು ತಿರುಗಿ ಬರಬಾರದು ಅಂತ ರಮಾಮಣಿ ನನ್ನ ತಲೆ ಮೇಲೆ ಕಂಬಳಿ ಹಾಕಿದಳು. ಕೊರಳ ಹತ್ತಿರ ಒಂದು ಸಣ್ಣ ಮೈಕ್.

"ಏಳು ಅಕ್ಕ," ಅಂದಳು ಪಿಸುಮಾತಲ್ಲಿ, ಹೇಳು ಅಂತ.

"ಸಾಮಿ."

"ಅಂಗಲ್ಲ. ಇನ್ನೂ ಮೆತ್ಗೆ."

"ಸಾಮಿ..."

ಬೆರಳು ಮಡಚಿ ಲೆಕ್ಕ ಇಟ್ಟಿದೀನಿ, ಹನ್ನೊಂದು ಸಲ ಹೇಳಿದೆ. ಹತ್ತು ಸಲ ನಾನು ನಾನಾಗೇ ಇದ್ದೆ. ಹನ್ನೊಂದನೇ ಸಲಕ್ಕೆ ಚಿಕ್ಕವ್ವ ಮಡಿಲಲ್ಲಿ ನನ್ನ ತಲೆ ಇಟ್ಟುಕೊಂಡು ಹೇನು ನೋಡ್ತಿದ್ದದ್ದು ನೆನಪಾಯ್ತು. ಸಾಕು ಅಂತ ಕಂಬಳಿ ತೆಗೆದೆ.

ರಮಾಮಣಿ ಸ್ಕ್ರೀನ್ ನೋಡ್ತಿದ್ದಳು. ಮುಖದ ಮೇಲೆ ಅದರ ನೀಲಿ ಬೆಳಕು.

"ಎಷ್ಟು ಸಲ ಏಳ್ದೆ?"

"ಹನ್ನೊಂದು."

ಅವಳು ಬೆರಳಿಟ್ಟು ಉಬ್ಬುಗಳನ್ನ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಹನ್ನೆರಡು.

ಪ್ಲೇ ಮಾಡಿದಳು. ಹನ್ನೊಂದು ನನ್ನದೇ. ಆಮೇಲೆ ಕಂಬಳಿ ಸರಿದ ಸದ್ದು, ಸರ್ರ್... ಅದು ಮುಗಿದಮೇಲೆ, ಮೈಕಿಗೆ ಬಾಯಿ ಇಟ್ಟು ಹೇಳಿದಷ್ಟು ಹತ್ತಿರದಿಂದ...

"ರಮಾಮಣಿ."

ಅದೇ ಜೋಪಾನ. ಅದೇ ಬಿಡಿ ಬಿಡಿ ಅಕ್ಷರ.

ನಾನು ಎದ್ದು ಲೈಟ್ ಹಾಕೋಕೆ ಹೋದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. ಮತ್ತೆ ರೆಕಾರ್ಡ್ ಬಟನ್ ಒತ್ತಿದಳು. ಕೆಂಪು ಚುಕ್ಕೆ ಬಂತು, ಗೆರೆ ಓಡೋಕೆ ಶುರುವಾಯ್ತು. ಕತ್ತಲೆ ಕಡೆ ತಿರುಗಿ, ಯಾರಿಗೋ ನಿದ್ದೆ ಕೆಡುತ್ತೆ ಅನ್ನೋ ಹಾಗೆ ಮೆಲ್ಲಗೆ ಹೇಳಿದಳು.

"ಅವ್ವಾ, ನಿಂಗೆ ಎಂಗ್ ಬರುತ್ತೋ ಅಂಗೇ ಮಾತಾಡವ್ವ. ನಾ ಏನೂ ಕತ್ರಿಸಲ್ಲ."

ನಾವಿಬ್ಬರೂ ಕೂತೆವು. ಗಡಿಯಾರ... ಟಿಕ್... ಟಿಕ್... ಎಲ್ಲೋ ದೂರದಲ್ಲಿ ಬೆಂಗಳೂರು ರೋಡಿನ ಲಾರಿ. ಮಗ್ಗದ ಕಡೆಯಿಂದ ಮರ ಒಮ್ಮೆ ಕಿಟ್ ಅಂತು, ಯಾರೋ ಕೂರೋ ಹಲಗೆಗೆ ಕೈಯೂರಿ ಎದ್ದ ಹಾಗೆ. ಸೀರೆ ಅಲುಗಲಿಲ್ಲ. ನಾನು ನೋಡ್ತಾನೇ ಇದ್ದೆ, ಅಲುಗಲಿಲ್ಲ.

"ರಮಾಮಣಿ."

ಈ ಸಲ ಕಂಪ್ಯೂಟರ್ ಅಲ್ಲ. ಕೋಣೆಯಲ್ಲಿ. ನನ್ನ ಈ ಎರಡು ಕಿವಿಯಲ್ಲಿ ಕೇಳಿದೀನಿ.

ರಮಾಮಣಿ ಬಾಯಿ ತೆರೆದಳು. ಓ ಅನ್ನೋಕೆ. ಅವಳ ಮುಖದಲ್ಲಿ ಹೆದರಿಕೆ ಅನ್ನೋದು ಚೂರೂ ಇರಲಿಲ್ಲ, ಸ್ಕೂಲಿಂದ ಬಂದ ಮಗು ಬಾಗಿಲಲ್ಲಿ ಅವ್ವನ್ನ ಕಂಡ ಹಾಗಿತ್ತು. ನನಗೆ ಹೊಳೆದದ್ದು ಒಂದೇ, ಇವಳು ಓ ಅಂದರೆ ಬೆಳಿಗ್ಗೆ ಇರಲ್ಲ. ಹಾರಿ ಅವಳ ಬಾಯಿ ಮುಚ್ಚಿದೆ. ಒಂದು ಕೈ ಕುತ್ತಿಗೆ ಹಿಂದೆ, ಒಂದು ಕೈ ಬಾಯಿ ಮೇಲೆ. ಅವಳು ಒದ್ದಾಡಿದಳು. ನನ್ನ ಕೈ ಹೊಲ ಅಗೆದ ಕೈ, ಬಿಡಲಿಲ್ಲ. ಅವಳ ತುಟಿ ನನ್ನ ಅಂಗೈಗೆ ಒತ್ತಿಕೊಂಡಿತ್ತು, ಕಣ್ಣೀರು ನನ್ನ ಬೆರಳ ಮೇಲಿಂದ ಮೊಣಕೈವರೆಗೆ ಇಳೀತಿತ್ತು. ಎರಡು ನಿಮಿಷ ಇರಬಹುದು, ಮೂರು ಇರಬಹುದು. ಬೇರೆ ಯಾವ ದನಿಯೂ ಕೇಳಲಿಲ್ಲ.

ಕೊನೆಗೆ ಅವಳ ಮೈ ಸಡಿಲಾಯ್ತು. ಕೈ ತೆಗೆದೆ.

"ಓದ್ಲು ಅಕ್ಕ," ಅಂದಳು, ಅವ್ವ ಹೋದಳು ಅಂತ. ಅಷ್ಟೇ. ಬಗ್ಗಿ ರೆಕಾರ್ಡಿಂಗ್ ನಿಲ್ಲಿಸಿದಳು.

ಆ ರಾತ್ರಿಯಿಂದ ಬಾವಿ ಹತ್ತಿರ ಯಾರೂ ಕರೆಯಲಿಲ್ಲ. ಇವಳು ಬೇಕಂತಲೇ ಅಲ್ಲಿ ನಿಂತು ಕಾಯೋಳಂತೆ, ಕುಪ್ಪಮ್ಮ ಹೇಳಿದಳು. ಕೊನೆಯ ಬಸ್ಸಿನ ಜನವೆಲ್ಲ ಹೋದಮೇಲೂ ನಿಂತಿರೋಳಂತೆ. ನನ್ನ ಜೊತೆ ಮಾತು ಬಿಟ್ಟಳು. ನಾನು ಫೋನ್ ಮಾಡಿದರೆ ತೆಗೆಯಲ್ಲ. ನಾನು ಮಾಡಿದ್ದು ಸರಿ ಅಂತ ನನಗೆ ನಾನೇ ಹೇಳಿಕೊಂಡೆ, ಜೀವ ಉಳಿಸಿದೀನಿ ಅಂತ ಹೇಳಿಕೊಂಡೆ. ಆದರೂ ರಾತ್ರಿ ಆದರೆ ಆ ಕೈಯನ್ನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಿದ್ದೆ. ಮಗಳನ್ನ ನೋಡೋಕೆ ಬಂದ ತಾಯಿ ಅವಳು. ನಾನು ಅಡ್ಡ ನಿಂತೆ. ಅದನ್ನ ಎಷ್ಟು ತೊಳೆದರೂ ಹೋಗಲ್ಲ.

ನಲವತ್ತು ದಿನ ಆಗಿರಬೇಕು. ಒಂದು ಭಾನುವಾರ ಹಾಡಹಗಲು, ರಮಾಮಣಿ ತೊಪ್ಪೂರಿಗೆ ಬಂದಳು. ಚೀಲದಲ್ಲಿ ಲ್ಯಾಪ್‌ಟಾಪ್. ನೀರು ಕೂಡ ಕುಡಿಯದೆ ಕೂತಳು. ಅವತ್ತಿನ ರೆಕಾರ್ಡಿಂಗನ್ನ ಇಷ್ಟು ದಿನ ತೆರೆಯೋ ಧೈರ್ಯ ಬಂದಿರಲಿಲ್ಲವಂತೆ, ಹಿಂದಿನ ರಾತ್ರಿ ತೆರೆದಳಂತೆ. ಕೇಳು ಅಂತ ಹೆಡ್‌ಫೋನ್ ನನ್ನ ಕಿವಿಗೆ ಹಾಕಿದಳು.

ಗಡಿಯಾರ ಇತ್ತು. ಅವಳ ಪಿಸುಮಾತು ಇತ್ತು. ಮರ ಕಿಟ್ ಅಂದದ್ದು ಇತ್ತು. ರಮಾಮಣಿ ಅಂತ ಕರೆದದ್ದೂ ಇತ್ತು. ಆಮೇಲೆ ದಡಬಡ ಸದ್ದು, ನಾನು ಹಾರಿದ್ದು, ನನ್ನ ಬಳೆ ಮೈಕಿಗೆ ತಗುಲಿದ್ದು, ಠಣ್. ಅವಳ ಮೂಗಿನ ಉಸಿರು. ಆಮೇಲೆ... ನಮ್ಮಿಬ್ಬರಿಗೂ ಅವತ್ತು ಕೇಳದೇ ಇದ್ದದ್ದು. ಚಿಕ್ಕವ್ವನ ದನಿ. ಅಕ್ಷರ ಬಿಡಿಸಿ ಅಲ್ಲ, ಜೋಪಾನ ಇಲ್ಲ. ಬೀದಿ ನಲ್ಲಿ ಹತ್ತಿರ ಬೈಯೋ ಹಾಗೆ, ಅವಸರವಾಗಿ, ಒಂದೇ ಉಸಿರಿಗೆ.

"ಕೈಯ ಎಡು ಮುನೀ... ಪಾವಂ ಅವ."

ಕೈ ತೆಗಿ ಮುನಿ, ಪಾಪ ಅವಳು ಅಂತ. ಪೂರ್ತಿ ತಮಿಳು. ಒಂದಕ್ಷರ ಕನ್ನಡ ಇಲ್ಲ.

ನಾನು ಹೆಡ್‌ಫೋನ್ ಕಿತ್ತು ಎಸೆದು ಗಟ್ಟಿಯಾಗಿ ಅತ್ತುಬಿಟ್ಟೆ. ರಮಾಮಣಿ ನನ್ನ ತಲೆ ಸವರಿದಳು, ಇನ್ನೂ ಐತೆ ಅಕ್ಕ, ಪೂರ್ತಿ ಕೇಳು ಅಂದಳು. ಮತ್ತೆ ಹಾಕಿಕೊಂಡೆ.

ಆ ಮಾತಾದ ಮೇಲೆ ಎರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ರಮಾಮಣಿಯ ದನಿ. ಸ್ಪಷ್ಟವಾಗಿ, ಬಾಯಿ ತುಂಬ, ಹಿತ್ತಲಿಂದ ಜವಾಬು ಕೊಟ್ಟ ಹಾಗೆ, "ಓ... ಬಂದೆ ಅವ್ವಾ." ಅದಾಗಿ ಒಂದೂವರೆ ನಿಮಿಷ ಬಿಟ್ಟು ನನ್ನ ಬಳೆ ಸರಿದ ಸದ್ದು, ನಾನು ಕೈ ತೆಗೆದದ್ದು. ಅದರ ಬೆನ್ನಿಗೆ ಓದ್ಲು ಅಕ್ಕ ಅಂದದ್ದು.

ಇದಾಗಿ ಎರಡು ವರ್ಷ ಆಯ್ತು. ರಮಾಮಣಿ ಚೆನ್ನಾಗೇ ಇದ್ದಾಳೆ, ಏನೂ ಆಗಿಲ್ಲ, ಬೇಕಾದರೆ ನಾಳೆ ಫೋನ್ ಮಾಡಿ ಮಾತಾಡು. ಆ ಓ ಅಂದದ್ದು ಅವಳಿಗೂ ನೆನಪಿಲ್ಲ. ಆದರೆ ನನ್ನ ಅಂಗೈ ಅವಳ ತುಟಿ ಮೇಲೇ ಇತ್ತು. ನಾನು ಬಿಗಿಯಾಗಿ ಒತ್ತಿ ಹಿಡಿದಿದ್ದೆ, ಅವಳ ಹಲ್ಲು ನನ್ನ ಕೈಗೆ ಚುಚ್ಚುತ್ತಿತ್ತು. ಆ ಓ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ... ನಾನು ಮಾತ್ರ ಕೈ ತೆಗೆದಿರಲಿಲ್ಲ. ನಿನ್ನಾಣೆ, ತೆಗೆದಿರಲಿಲ್ಲ.